ಕುಂಬಳದ ಹೀಚು ಉದುರಿದರೆ ಗೊಬ್ಬರ ಸುರಿಯಬೇಡಿ

ಬಳ್ಳಿ ತುಂಬ ಹೂ, ಕಾಯಿ ಮಾತ್ರ ಇಲ್ಲ. ಅಡಿಕೆ ಗಾತ್ರದ ಹೀಚು ಮೂರ್ನಾಲ್ಕು ದಿನಕ್ಕೆ ಹಳದಿಯಾಗಿ ಬೀಳುತ್ತದೆ. ಸಿಹಿಗುಂಬಳ ಹಾಕಿದವರ ಸಾಮಾನ್ಯ ದೂರು ಇದು. ಯೂರಿಯಾ ಕೊಟ್ಟರೆ ಎಲೆ ಸೊಕ್ಕುತ್ತದೆ, ಅಷ್ಟೆ. ನಾನು ಮೊದಲು ಬಿದ್ದ ಹೀಚನ್ನೇ ನೋಡುತ್ತೇನೆ. ಸೂಜಿ ಚುಚ್ಚಿದಂಥ ಗುರುತಿದ್ದು ಅಂಟು ಒಸರಿದ್ದರೆ ಹಣ್ಣುನೊಣದ ಕೆಲಸ. ಗುರುತೇನೂ ಇಲ್ಲದೆ ಸುಕ್ಕಿದ್ದರೆ ಹೆಚ್ಚಾಗಿ ಪರಾಗ ಮುಟ್ಟಿರುವುದಿಲ್ಲ.

ಗಂಡು ಹೂವಿಗೆ ಉದ್ದನೆಯ ಸಪೂರ ತೊಟ್ಟು. ಒಳಗೆ ಕೇಸರಗಳೆಲ್ಲ ಕೂಡಿ ಒಂದೇ ಕಡ್ಡಿಯಂತೆ ನಿಂತಿರುತ್ತವೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕುಂಬಳವೇ ಇರುತ್ತದೆ, ಅದೇ ಅಂಡಾಶಯ. ನಡುವೆ ಮೂರು ಹೋಳಿನ ಶಲಾಕಾಗ್ರ, ಅಂದರೆ ಪರಾಗ ಬೀಳಬೇಕಾದ ತುದಿ. ಶುರುವಿನ ಕೆಲವು ದಿನ ಬರೀ ಗಂಡು ಹೂ ಬಂದರೆ ಗಾಬರಿ ಬೇಡ.

ಇದರ ಪರಾಗ ಅಂಟಂಟು, ತೂಕದ್ದು, ಗಾಳಿಗೆ ಹಾರದು. ತುಡುವೆ ಜೇನೋ ಮುಜಂಟಿಯೋ (ಚುಚ್ಚದ ಪುಟ್ಟ ಜೇನು) ಮೈಗೆ ಮೆತ್ತಿಕೊಂಡು ಹೋಗಬೇಕು. ಹೂ ನಸುಕಿಗೆ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಆ ಮೂರ್ನಾಲ್ಕು ಗಂಟೆ ಮಳೆ ಹಿಡಿದರೆ ಜೇನು ಬಾರದು, ಪರಾಗವೂ ನೆನೆದು ಕೆಡುತ್ತದೆ. ಔಷಧಿ ಹೊಡೆಯಲೇಬೇಕಿದ್ದರೆ ಹೂ ಮುಚ್ಚಿದ ಮೇಲೆ, ಸಂಜೆಗೆ.

ಜೇನು ಕಾಣದ ದಿನ ನಾನೇ ಮುಟ್ಟಿಸುತ್ತೇನೆ. ಬೆಳಿಗ್ಗೆ 6ರಿಂದ 8ರೊಳಗೆ, ಅಂದೇ ಅರಳಿದ ಗಂಡು ಹೂ ಕಿತ್ತು, ಎಸಳು ಹರಿದು, ಕೇಸರಕ್ಕೆ ಬೆರಳು ಸೋಕಿಸಿದರೆ ಹಳದಿ ಹುಡಿ ಅಂಟಬೇಕು. ಅಂಟದಿದ್ದರೆ ಆ ಹೂ ಬಿಡಿ. ಒಂದು ಹೆಣ್ಣು ಹೂವಿಗೆ 2 ಗಂಡು ಹೂ. ಮೂರೂ ಹೋಳಿಗೆ ಮೆಲ್ಲಗೆ ಸವರಬೇಕು, ಒತ್ತಬಾರದು. ಪರಾಗ ಸಾಕಷ್ಟು ಬೀಳದಿದ್ದರೆ ಬೀಜ ಕಟ್ಟದ ಕಡೆ ಕಾಯಿ ಬೆಳೆಯದೆ ಸೊಟ್ಟಗಾಗುತ್ತದೆ. ಬೀಜಕ್ಕೆ ಬಿಡುವ ಕಾಯಾದರೆ, ಬೇರೆ ಪರಾಗ ಬೆರೆಯದಂತೆ ಹಿಂದಿನ ಸಂಜೆಯೇ ಎರಡೂ ಬಗೆಯ ಮೊಗ್ಗಿನ ತುದಿಗೆ ದಾರ ಕಟ್ಟಿ, ಮುಟ್ಟಿಸಿದ ಮೇಲೆ ಹೆಣ್ಣು ಹೂವನ್ನು ಮತ್ತೆ ಕಟ್ಟಿಡಿ.

ಹೀರೆ, ಸೋರೆಗೆ ಬೆಳಗಿನ ಲೆಕ್ಕ ನಡೆಯದು. ಅವು ಅರಳುವುದು ಸಂಜೆಗೆ. ಸೋರೆಯ ಬಿಳಿ ಹೂವಿಗೆ ರಾತ್ರಿಯ ಪತಂಗಗಳು ಬರುತ್ತವೆ. ಊಟದ ತೊಂಡೆ ಪರಾಗವಿಲ್ಲದೆಯೇ ಕಾಯಿ ಕಟ್ಟುತ್ತದೆ, ಹೆಣ್ಣು ಬಳ್ಳಿಯ ತುಂಡು ನೆಟ್ಟರಾಯಿತು. ಮಡಹಾಗಲ ಮಾತ್ರ ಹಾಗಲ್ಲ: ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ, ಪರಾಗವೂ ಬೇಕು. ಗಡ್ಡೆ ತರುವಾಗ 10 ಹೆಣ್ಣಿಗೆ 1 ಗಂಡು ಕೇಳಿ ತನ್ನಿ.