ಜಿಪಿಎಸ್ ಸ್ಟೇಷನ್ನಿನ ವೇಗ: ನಾಯ್ಸ್ ಲೆಕ್ಕ ಸರಿಮಾಡಿಕೊಳ್ಳುವುದು ಹೇಗೆ

ನೆಲಕ್ಕೆ ನೆಟ್ಟ ಜಿಪಿಎಸ್ ಸ್ಟೇಷನ್ ನೆಲದ ನಿಧಾನ ಚಲನೆಯನ್ನು ಅಳೆಯುತ್ತದೆ. ಗ್ರಾಫಿನಲ್ಲಿ ಅದರ ಸ್ಥಾನಕ್ಕೆ ದಿನಕ್ಕೊಂದು ಬಿಂದು, ಅವುಗಳ ಮೇಲೊಂದು ಗೆರೆ. ವೇಗ ಸಿಕ್ಕಿಬಿಡುತ್ತದೆ. ಅದನ್ನು ಎಷ್ಟು ನಂಬಬಹುದು ಅನ್ನುವುದೇ ಕಷ್ಟದ ಪ್ರಶ್ನೆ.

ನನ್ನ ಮೊದಲ ಸ್ಟೇಷನ್ನಿನಲ್ಲಿ ಬಿಂದುಗಳು ಗೆರೆಯಿಂದ ಸುಮಾರು 2 ಮಿ.ಮೀ. ಆಚೀಚೆ ಇದ್ದವು. ಐದು ವರ್ಷದ ಡೇಟಾಗೆ ಲೀಸ್ಟ್ ಸ್ಕ್ವೇರ್ಸ್ (ಬಿಂದುಗಳಿಗೆ ಅತಿ ಹತ್ತಿರ ಹೊಂದುವ ಗೆರೆ ಹುಡುಕುವ ವಿಧಾನ) ಹಾಕಿದೆ. ವೇಗದ ದೋಷ, ಅಂದರೆ ಅದರ ಅನಿಶ್ಚಿತತೆ, ವರ್ಷಕ್ಕೆ ಬರೀ 0.03 ಮಿ.ಮೀ. ಬಂತು. ಮುಂದಿನ ಐದು ವರ್ಷಕ್ಕೂ ಅದೇ ಲೆಕ್ಕ ಮಾಡಿದೆ. ವೇಗದಲ್ಲಿ 0.4 ಮಿ.ಮೀ. ವ್ಯತ್ಯಾಸ! ನೆಲದಲ್ಲಿ ಏನೂ ಆಗಿರಲಿಲ್ಲ, ತಪ್ಪಿದ್ದದ್ದು ನಾಯ್ಸ್, ಅಂದರೆ ಅಳತೆಯಲ್ಲಿ ಬೆರೆಯುವ ಏರುಪೇರಿನ ಬಗ್ಗೆ ನನ್ನ ಊಹೆಯಲ್ಲಿ.

ಲೀಸ್ಟ್ ಸ್ಕ್ವೇರ್ಸ್ ಸುಮ್ನೆ ಹಾಕಿದರೆ ಇವತ್ತಿನ ತಪ್ಪಿಗೂ ನಾಳೆಯ ತಪ್ಪಿಗೂ ಸಂಬಂಧವಿಲ್ಲ ಅಂದುಕೊಳ್ಳುತ್ತದೆ. ಅದು ವೈಟ್ ನಾಯ್ಸ್. ಜಿಪಿಎಸ್‌ನಲ್ಲಿ ತಪ್ಪಿಗೆ ನೆನಪಿರುತ್ತದೆ: ಇವತ್ತು ಪೂರ್ವಕ್ಕೆ ವಾಲಿದರೆ ವಾರಗಟ್ಟಲೆ ಅತ್ತಲೇ ಇರುತ್ತದೆ. ಇದು ಹೆಚ್ಚಾಗಿ ಫ್ಲಿಕರ್ ನಾಯ್ಸ್. ಬಿಂದು ಜಾಸ್ತಿ ಮಾಡಿದರೆ ಇದು ಕರಗುವುದಿಲ್ಲ, ವರ್ಷಗಳು ಜಾಸ್ತಿಯಾಗಬೇಕು. ಬರೀ ವೈಟ್ ನಾಯ್ಸ್ ಅಂದುಕೊಂಡರೆ ವೇಗದ ದೋಷ 5ರಿಂದ 11 ಪಟ್ಟು ಕಡಿಮೆ ಕಾಣಬಹುದು ಎಂದು 1999ರಲ್ಲೇ ತೋರಿಸಿದ್ದಾರೆ.

ಹಾಗಾಗಿ ಮೊದಲು ಗ್ರಾಫನ್ನು ಕಣ್ಣಿಂದ ನೋಡಿ. ಆಂಟೆನಾ ಬದಲಿಸಿದ ದಿನ, ಭೂಕಂಪದ ದಿನ ಮೆಟ್ಟಿಲಿನಂಥ ಜಿಗಿತ ಇರುತ್ತದೆ. ಸ್ಟೇಷನ್ ದಾಖಲೆಯಿಂದ ತಾರೀಖು ಗುರುತು ಹಾಕಿಕೊಳ್ಳಿ. ಒಂದು ಜಿಗಿತ ತಪ್ಪಿಹೋದರೆ ಅದು ವೇಗದೊಳಗೆ ಸೇರಿಕೊಳ್ಳುತ್ತದೆ. ತೀರಾ ದೂರ ಹೋದ ಬಿಂದುಗಳನ್ನು ತೆಗೆಯಿರಿ. ಸರಾಸರಿ ಹಾಕಿ ನುಣುಪು ಮಾಡಬೇಡಿ, ಆಗ ನಾಯ್ಸ್‌ನ ಸ್ವರೂಪವೇ ಕೆಡುತ್ತದೆ.

ಆಮೇಲೆ ವೇಗ, ಜಿಗಿತ, ವಾರ್ಷಿಕ ಮತ್ತು ಅರ್ಧವಾರ್ಷಿಕ ಏರಿಳಿತ ಎಲ್ಲವನ್ನೂ ಒಟ್ಟಿಗೇ ಹೊಂದಿಸಿ. ಜಿಪಿಎಸ್ ಕಕ್ಷೆಗಳಿಂದ ಬರುವ ಸುಮಾರು 351.4 ದಿನದ ಏರಿಳಿತವನ್ನೂ ಸೇರಿಸಬಹುದು. ಡೇಟಾ ಎರಡೂವರೆ ವರ್ಷಕ್ಕಿಂತ ಕಡಿಮೆ ಇದ್ದರೆ ಕಾಯಿರಿ. ವಾರ್ಷಿಕ ಅಲೆಯೇ ವೇಗದಂತೆ ಕಂಡು ಮೋಸಮಾಡುತ್ತದೆ.

ಹೊಂದಿಸಿದ ಮೇಲೆ ಉಳಿದ ವ್ಯತ್ಯಾಸಗಳ ಸ್ಪೆಕ್ಟ್ರಮ್ಮನ್ನು (ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಇದೆ ಅನ್ನುವುದನ್ನು) ಲಾಗ್-ಲಾಗ್ ಗ್ರಾಫಿನಲ್ಲಿ ನೋಡಿ. ಸಮತಟ್ಟಾಗಿದ್ದರೆ ವೈಟ್, ಇಳಿಜಾರು -1ರ ಹತ್ತಿರವಿದ್ದರೆ ಫ್ಲಿಕರ್, -2 ಆದರೆ ರ‍್ಯಾಂಡಮ್ ವಾಕ್ (ದಿನದಿನದ ತಪ್ಪು ಕೂಡಿಕೊಳ್ಳುತ್ತಾ ಹೋಗುವ ನಾಯ್ಸ್). ಹೆಕ್ಟರ್‌ನಂಥ ಸಾಫ್ಟ್‌ವೇರಿಗೆ ವೈಟ್ ಜೊತೆ ಫ್ಲಿಕರ್ ಮಾದರಿ ಕೊಟ್ಟು, ಮಾದರಿ ಡೇಟಾಗೆ ಎಷ್ಟು ಹೊಂದುತ್ತದೆ ಎಂದು ತೂಗುವ ಬಿಐಸಿ ಅಂಕೆಯಿಂದ ಬೇರೆ ಮಾದರಿಗಳ ಜೊತೆ ಹೋಲಿಸಿ. ನನ್ನ ಸ್ಟೇಷನ್ನಿನ ದೋಷ 0.25 ಮಿ.ಮೀ.ಗೆ ಏರಿತು. ಆಗ ಎರಡೂ ಅರ್ಧಗಳ ವೇಗ ದೋಷದ ಮಿತಿಯೊಳಗೆ ಹೊಂದಿಕೊಂಡವು.

ರ‍್ಯಾಂಡಮ್ ವಾಕ್ ಕಾಣಲಿಲ್ಲ ಅಂತ ಅದು ಇಲ್ಲ ಅಂದುಕೊಳ್ಳಬೇಡಿ. ಆಂಟೆನಾ ಕಂಬದ ನಿಧಾನ ವಾಲುವಿಕೆ ಫ್ಲಿಕರ್ ಅಡಿಯಲ್ಲಿ ಹಲವು ವರ್ಷ ಅಡಗಿರಬಹುದು. ಪ್ರತಿ ವರ್ಷ ಹೊಸ ಡೇಟಾ ಸೇರಿಸಿ, ಮಾದರಿಯನ್ನೂ ಮತ್ತೆ ಪರೀಕ್ಷಿಸಿ.