ಟ್ರೆಡ್‌ಮಿಲ್ ಮೇಲೆ ಕಲಿತ ನಂದಿ ಬೆಟ್ಟದ ಏರು: ನನ್ನ ಅನುಭವ

ಟ್ರೆಡ್‌ಮಿಲ್ ಅಭ್ಯಾಸವೊಂದನ್ನೇ ನಂಬಿಕೊಂಡು ನಂದಿ ಬೆಟ್ಟವನ್ನು ಬುಡದಿಂದ ತುದಿಯವರೆಗೆ ಎಲ್ಲಿಯೂ ನಿಲ್ಲದೆ ಓಡಿ ಹತ್ತಬಹುದು ಎಂದು ನಾನು ಹೇಳಿದಾಗ, ನಮ್ಮ ಓಟಗಾರರ ಗುಂಪಿನಲ್ಲಿ ಅದನ್ನು ಒಪ್ಪಿದವರು ಯಾರೂ ಇರಲಿಲ್ಲ. “ಅಣ್ಣಾ, ಅಲ್ಲಿ ಬೆಲ್ಟ್ ಓಡುತ್ತೆ, ನೀವು ಓಡೋಲ್ಲ” ಎಂದು ಕಿರಿಯ ಗೆಳೆಯನೊಬ್ಬ ಹೇಳಿದ ಮಾತಿಗೆ ಎಲ್ಲರೂ ತಲೆದೂಗಿದ್ದರು. ಕಳೆದ ಚಳಿಗಾಲದಲ್ಲಿ ಆ ಕೆಲಸ ಕೈಗೂಡಿತು. ಸುಮಾರು ಏಳೂವರೆ ಕಿಲೋಮೀಟರ್ ಉದ್ದದ ಆ ತಿರುವುಗಳ ರಸ್ತೆಯನ್ನು ಒಂದು ಗಂಟೆ ಐದು ನಿಮಿಷದ ಆಸುಪಾಸಿನಲ್ಲಿ ಮುಗಿಸಿದೆ. ಆ ದಿನ ಜೊತೆಗೆ ಹೊರಟ ರಸ್ತೆ ಓಟಗಾರರಲ್ಲಿ ಇಬ್ಬರು ಕೊನೆಯ ಎರಡು ಕಿಲೋಮೀಟರಿನಲ್ಲಿ ನಡೆಯಬೇಕಾಯಿತು ಎಂಬುದನ್ನು ಹೇಳಲು ನನಗೆ ಸಂಕೋಚವಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನನ್ನದು. ಬೆಳಗಿನ ಹೊತ್ತು ಗೂಡಿನ ಮಾರುಕಟ್ಟೆಗೆ ಹೋಗುತ್ತದೆ. ಓಡಲು ಉಳಿಯುವುದು ರಾತ್ರಿ ಎಂಟರ ನಂತರ. ಆ ಹೊತ್ತಿನಲ್ಲಿ ನಮ್ಮ ರಸ್ತೆಗಳಲ್ಲಿ ದೀಪವಿಲ್ಲದ ಟ್ರ್ಯಾಕ್ಟರ್‌ಗಳೂ ಬೀದಿನಾಯಿಗಳೂ ಓಟಕ್ಕೆ ಎಡೆ ಕೊಡುವುದಿಲ್ಲ. ಹೀಗಾಗಿ ಬೆಂಗಳೂರಿನಲ್ಲಿ ಮುಚ್ಚುತ್ತಿದ್ದ ಜಿಮ್ ಒಂದರಿಂದ, ನೂರಕ್ಕೆ ಹನ್ನೆರಡರವರೆಗೆ (ನೂರು ಮೀಟರಿಗೆ ಹನ್ನೆರಡು ಮೀಟರ್) ಏರು ಕೊಡುವ ಹಳೆಯ ಯಂತ್ರವೊಂದನ್ನು ನಲವತ್ತೆರಡು ಸಾವಿರಕ್ಕೆ ತಂದೆ. ಟೆಂಪೋ ಬಾಡಿಗೆ ಮೂರೂವರೆ ಸಾವಿರ ಬೇರೆ.

ಮೊದಲ ಮಳೆಗಾಲದೊಳಗೇ ಮೋಟರಿನ ಕಂಟ್ರೋಲ್ ಬೋರ್ಡ್ ಸುಟ್ಟಿತು. ಸಂಜೆ ಹೊತ್ತು ನಮ್ಮ ಕಡೆ ವೋಲ್ಟೇಜು ನೂರೆಂಬತ್ತರ ಕೆಳಗೂ ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ಅದೇ ಕೆಲಸಕ್ಕೆ ಹೆಚ್ಚು ಕರೆಂಟ್ ಹರಿದು ಬೋರ್ಡ್ ಬಿಸಿಯಾಗುತ್ತದೆ. ಹೊಸದಕ್ಕೆ ಹನ್ನೊಂದು ಸಾವಿರವಾಯಿತು. ಅದೂ ಕೆಟ್ಟಾಗ ಮೋಟರ್ ರಿವೈಂಡಿಂಗ್ ಮಾಡುವ ಪರಿಚಯದವರೊಬ್ಬರು ಒಂದೆರಡು ಬಿಡಿಭಾಗ ಬದಲಿಸಿ, ಎರಡು ಸಾವಿರದೊಳಗೆ ಸರಿಮಾಡಿಕೊಟ್ಟರು. ಬಳಿಕ ಏಳು ಸಾವಿರದ ಸ್ಟೆಬಿಲೈಸರ್, ಮೂರು ಸಾವಿರದ ಪ್ರತ್ಯೇಕ ಅರ್ಥಿಂಗ್, ಏಳೂವರೆ ಸಾವಿರದ ಹೊಸ ಬೆಲ್ಟ್ ಎಲ್ಲ ಸೇರಿ ಖರ್ಚು ಎಪ್ಪತ್ತೈದು ಸಾವಿರ ದಾಟಿತು. ಇಷ್ಟು ಹಣಕ್ಕೆ ಹೊಸ ಯಂತ್ರವೇ ಬರುತ್ತಿತ್ತಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ಜಿಮ್‌ಗೆಂದು ಮಾಡಿದ ಗಟ್ಟಿ ಚೌಕಟ್ಟು, ಉದ್ದದ ಡೆಕ್ (ಬೆಲ್ಟಿನ ಕೆಳಗಿನ ಹಲಗೆ) ಮತ್ತು ನಿಜವಾದ ಏರು ಆ ಬೆಲೆಯ ಮನೆಬಳಕೆಯ ಯಂತ್ರದಲ್ಲಿ ನನಗೆ ಸಿಗಲಿಲ್ಲ.

ಪರದೆ ತೋರಿಸುವ ವೇಗವನ್ನು ಅಳೆಯದೆ ನಂಬಬಾರದು. ಬೆಲ್ಟಿನ ಅಂಚಿಗೆ ವೈಟ್ನರ್‌ನಿಂದ ಗುರುತು ಹಾಕಿ, ನಾನು ಓಡುತ್ತಿರುವಾಗಲೇ ಮಗಳಿಂದ ಸುತ್ತುಗಳನ್ನು ಎಣಿಸಿದೆ. ನನ್ನ ಬೆಲ್ಟಿನ ಸುತ್ತಳತೆ 2.8 ಮೀಟರ್. ಪರದೆ ತೋರಿಸುತ್ತಿದ್ದ ಗಂಟೆಗೆ 10 ಕಿಲೋಮೀಟರ್ ನಿಜವಾಗಿದ್ದರೆ ನಿಮಿಷಕ್ಕೆ ಅರವತ್ತಕ್ಕೆ ಸ್ವಲ್ಪ ಕಡಿಮೆ ಸುತ್ತು ಬರಬೇಕು. ಬಂದದ್ದು ಐವತ್ತೈದು, ಐವತ್ತಾರು. ಅಂದರೆ ನಿಜವಾದ ವೇಗ ಒಂಬತ್ತೂಕಾಲರ ಸಮೀಪ. ಇದೇ ಹುರುಪಿನಲ್ಲಿ ಕ್ಲ್ಯಾಂಪ್ ಮೀಟರ್ ಹಾಕಿ ಕರೆಂಟನ್ನೂ ಅಳೆದೆ. ಒಣಗಿದ ಬೆಲ್ಟಿನಲ್ಲಿ ಆರು ಆಂಪಿಯರ್ ಎಳೆಯುತ್ತಿದ್ದ ಯಂತ್ರ, ಡೆಕ್ಕಿಗೆ ಸಿಲಿಕೋನ್ ಎಣ್ಣೆ ಸವರಿದ ಮೇಲೆ ನಾಲ್ಕರ ಹತ್ತಿರಕ್ಕೆ ಇಳಿಯಿತು. ಏರು ಹೆಚ್ಚಿಸಿದಷ್ಟೂ ಕರೆಂಟ್ ಇನ್ನೂ ತಗ್ಗಿತು. ಏರಿನಲ್ಲಿ ಓಡುವವನ ಭಾರವೇ ಬೆಲ್ಟನ್ನು ಹಿಂದಕ್ಕೆ ದೂಡುವುದರಿಂದ ಮೋಟರಿನ ಹೊರೆ ಕಡಿಮೆಯಾಗುತ್ತದೆ. ಏರಿನಲ್ಲಿ ಅಭ್ಯಾಸ ಮಾಡಿದರೆ ಯಂತ್ರ ಬೇಗ ಹಾಳಾಗುತ್ತದೆ ಎಂಬ ಮಾತಿಗೆ ನನ್ನ ಮೀಟರಿನಲ್ಲಿ ಆಧಾರ ಸಿಗಲಿಲ್ಲ. ಬೆಲ್ಟ್ ಒಂದು ಬದಿಗೆ ಸರಿಯದಂತೆ ಹಿಂದಿನ ರೋಲರನ್ನು ಕೂರಿಸುವ ಒಂದು ಕ್ರಮವನ್ನು ನಾನೇ ಕಂಡುಕೊಂಡಿದ್ದೇನೆ. ಅದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆಯೇ ಹೊರತು ಬರೆಯುವುದಿಲ್ಲ.

ಇನ್ನು ನನ್ನ ವಿಧಾನದ ತಿರುಳು. ಗಾಳಿಯ ತಡೆ ಇಲ್ಲದ ಕೊರತೆಯನ್ನು ತುಂಬಲು ನೂರಕ್ಕೆ ಒಂದರ ಏರು ಇಡಬೇಕೆಂಬ ಲೆಕ್ಕವೊಂದು ಓಟಗಾರರಲ್ಲಿ ಬಳಕೆಯಲ್ಲಿದೆ. ಅದಕ್ಕೆ ಆಧಾರವಾದ, 1996ರಲ್ಲಿ ಜೋನ್ಸ್ ಮತ್ತು ಡೌಸ್ಟ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನ ಹೇಳುವುದು ಸಾಕಷ್ಟು ವೇಗದ ಸಮತಟ್ಟು ಓಟದ ಮಾತನ್ನು. ಕಡಿದಾದ ಏರಿನಲ್ಲಿ ಗಂಟೆಗೆ ಏಳು ಕಿಲೋಮೀಟರ್ ವೇಗದಲ್ಲಿ ಓಡುವವನಿಗೆ ಗಾಳಿಯ ತಡೆ ಲೆಕ್ಕಕ್ಕೇ ಬರುವುದಿಲ್ಲ. ಟ್ರೆಡ್‌ಮಿಲ್ಲಿನ ಬಗ್ಗೆ ಎಲ್ಲರೂ ಎತ್ತಿ ತೋರಿಸುವ ದೊಡ್ಡ ಕೊರತೆ, ಬೆಟ್ಟ ಹತ್ತುವ ಅಭ್ಯಾಸದಲ್ಲಿ ಇಲ್ಲವೇ ಇಲ್ಲ ಎಂಬುದು ನನಗೆ ಹೊಳೆದದ್ದು ಆಗ. ನಂದಿಯ ಏರು ಸರಾಸರಿ ನೂರಕ್ಕೆ ಐದಾರು. ಕೆಲವು ತಿರುವುಗಳಲ್ಲಿ ಹತ್ತನ್ನೂ ಮೀರುತ್ತದೆ. ಯಂತ್ರವನ್ನು ಆರಕ್ಕೆ ಇಟ್ಟು ಒಂದು ಕಿಲೋಮೀಟರ್ ಓಡಿದರೆ ಅರವತ್ತು ಮೀಟರ್ ಎತ್ತರ ಹತ್ತಿದಂತೆ. ವಾರಕ್ಕೆ ಎರಡು ರಾತ್ರಿ ಏರು, ಎರಡು ರಾತ್ರಿ ಸಮತಟ್ಟು ಎಂದು ಇಟ್ಟುಕೊಂಡೆ. ಏರಿನ ರಾತ್ರಿ ಇಪ್ಪತ್ತು ನಿಮಿಷದಿಂದ ಆರಂಭಿಸಿ ನಾಲ್ಕೈದು ತಿಂಗಳಲ್ಲಿ ಎಪ್ಪತ್ತು ನಿಮಿಷಕ್ಕೆ ತಲುಪಿದೆ. ಕೊನೆಯ ಮೂರು ವಾರ ಏರನ್ನು ಯಾವ ಸರದಿಯಲ್ಲಿ ಬದಲಿಸಿದೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಪಕ್ಕದ ಹಿಡಿಕೆಗೆ ಕೈ ಊರಿದರೆ ಏರಿನ ಲಾಭ ಕಡಿಮೆಯಾಯಿತು. ಜಾರಿದರೆ ಯಂತ್ರವನ್ನು ನಿಲ್ಲಿಸುವ ಸುರಕ್ಷತಾ ಕೀಲಿಯ ದಾರವನ್ನು ಬಟ್ಟೆಗೆ ಸಿಕ್ಕಿಸಿ ಎರಡು ಕೈಗಳನ್ನೂ ಬಿಟ್ಟೇ ಓಡಬೇಕು.

ಸೆಕೆ ನನ್ನನ್ನು ಬಹಳ ಕಾಡಿತು. ಮುಚ್ಚಿದ ಕೋಣೆಯಲ್ಲಿ ಒಂದು ಗಂಟೆ ಓಡಿ ತೂಗಿದರೆ ಒಂದೂಕಾಲು ಕಿಲೋದಷ್ಟು ನೀರು ಹೋಗಿರುತ್ತಿತ್ತು. ಎದುರಿಗೊಂದು, ಬೆನ್ನಿಗೊಂದು ಫ್ಯಾನ್ ಇಟ್ಟ ಮೇಲೆ ಅದು ಮುಕ್ಕಾಲು ಕಿಲೋಗೆ ಇಳಿಯಿತು. ಉಪ್ಪು ಹಾಕಿದ ಮಜ್ಜಿಗೆ ನನಗೆ ಒಗ್ಗಿದಷ್ಟು ಬಾಟಲಿಯ ಪಾನೀಯಗಳು ಒಗ್ಗಲಿಲ್ಲ. 2000ದಲ್ಲಿ ಅಮೆರಿಕದ ಮಹಿಳೆಯರ ಒಲಿಂಪಿಕ್ ಮ್ಯಾರಥಾನ್ ಆಯ್ಕೆ ಓಟವನ್ನು ಗೆದ್ದ ಕ್ರಿಸ್ಟೀನ್ ಕ್ಲಾರ್ಕ್, ಅಲಾಸ್ಕಾದ ಚಳಿಗಾಲದಲ್ಲಿ ಬಹುಪಾಲು ಅಭ್ಯಾಸವನ್ನು ಮನೆಯೊಳಗೆ ಟ್ರೆಡ್‌ಮಿಲ್ ಮೇಲೆಯೇ ಮಾಡಿ, ಸೌತ್ ಕೆರೊಲಿನಾದ ಬಿಸಿಲಿನಲ್ಲಿ ಎಲ್ಲರಿಗಿಂತ ಮುಂದೆ ಬಂದರು. ಯಂತ್ರವನ್ನು ಹಗುರವಾಗಿ ಕಾಣುವವರಿಗೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ಈ ಓಟದ ಸುಖವೇ ಬೇರೆ. ಕಾಲಿಟ್ಟ ನೆಲ ಎಲ್ಲಿಯೂ ಮೋಸ ಮಾಡದು. ವೇಗ ಅತ್ತಿತ್ತ ಸರಿಯದು. ಇಪ್ಪತ್ತನೆಯ ನಿಮಿಷ ಕಳೆದ ಮೇಲೆ ಉಸಿರೂ ಹೆಜ್ಜೆಯೂ ಮಗ್ಗದ ಲಾಳಿಯಂತೆ ಒಂದೇ ಲಯಕ್ಕೆ ಬರುತ್ತವೆ. ಆಗ ಮನಸ್ಸಿನಲ್ಲಿ ಗೂಡಿನ ದರವೂ ಇರುವುದಿಲ್ಲ, ಸಾಲದ ಕಂತೂ ಇರುವುದಿಲ್ಲ. ಎಪ್ಪತ್ತೆಂಟರ ಆಸುಪಾಸಿನಲ್ಲಿದ್ದ ನನ್ನ ವಿಶ್ರಾಂತ ನಾಡಿ ಈಗ ಅರವತ್ತೈದರ ಕೆಳಗಿದೆ. ಗಟ್ಟಿ ಕಾಂಕ್ರೀಟಿನ ಮೇಲೆ ಓಡುವಾಗ ನೋಯುತ್ತಿದ್ದ ಬಲ ಮೊಣಕಾಲು, ಒತ್ತಿದರೆ ತುಸು ಬಾಗುವ ಈ ಡೆಕ್ಕಿನ ಮೇಲೆ ತಕರಾರು ಮಾಡಿಲ್ಲ.

ಯಂತ್ರ ಕಲಿಸದೆ ಬಿಟ್ಟದ್ದು ಇಳಿಯುವುದನ್ನು. ನಂದಿಯಿಂದ ಓಡಿ ಇಳಿದ ಮೊದಲ ಸಲ ತೊಡೆಯ ಮುಂಭಾಗ ನಾಲ್ಕು ದಿನ ಹಿಡಿದುಕೊಂಡಿತ್ತು. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಏರಿನ ಅಭ್ಯಾಸ ಅದನ್ನು ಮುಟ್ಟುವುದೇ ಇಲ್ಲ. ಯಂತ್ರದ ಹಿಂದಿನ ಕಾಲುಗಳ ಕೆಳಗೆ ಹಲಗೆ ಕೊಟ್ಟು ಎತ್ತರಿಸಿ ನೋಡಿದೆ. ಬೆಲ್ಟ್ ಜಾರತೊಡಗಿ ಮೋಟರ್ ಗುರುಗುಟ್ಟಿದ್ದರಿಂದ ಆ ಪ್ರಯೋಗವನ್ನು ಕೈಬಿಟ್ಟೆ. ಈಗ ಏರಿನ ರಾತ್ರಿಗಳಲ್ಲಿ ಓಟ ಮುಗಿದ ಕೂಡಲೇ ಮನೆಯ ಮೂರು ಮಹಡಿಯ ಮೆಟ್ಟಿಲುಗಳನ್ನು ಎಂಟ್ಹತ್ತು ಬಾರಿ ನಿಧಾನವಾಗಿ ಇಳಿಯುತ್ತೇನೆ. ಎರಡನೆಯ ಸಲ ಬೆಟ್ಟ ಇಳಿದಾಗ ನೋವು ಒಂದೇ ದಿನಕ್ಕೆ ಮುಗಿಯಿತು.