ಆಗುಂಬೆಗೆ ಹೋಗುವವರು ಎರಡು ಸಂಜೆ ಇಟ್ಟುಕೊಳ್ಳಿ

ದಸರಾ ರಜೆ ಬಂತೆಂದರೆ ನಮ್ಮ ಮನೆಯಲ್ಲಿ ಒಂದೇ ಗಲಾಟೆ. ಮಕ್ಕಳಿಗೆ ಜೋಗ ಬೇಕು, ಇವರಿಗೆ ಕೊಡಚಾದ್ರಿ, ಅತ್ತೆಗೆ ಶೃಂಗೇರಿ. ನನಗೆ ಎಲ್ಲಾದರೂ ಸರಿ, ಎರಡು ದಿನ ಒಲೆ ಮುಂದೆ ನಿಲ್ಲದಿದ್ದರೆ ಸಾಕು. ಒಂದು ವರ್ಷ ಎಲ್ಲರ ಮಾತೂ ಕೇಳಿ ಶನಿವಾರ ಜೋಗ, ಹೊಸನಗರ ಹತ್ತಿರದ ನಗರ ಅನ್ನುವ ಊರಿನ ಕೋಟೆ, ಭಾನುವಾರ ಶೃಂಗೇರಿ, ಆಗುಂಬೆ ಅಂತ ಸುತ್ತಿದೆವು. ಈಗ ನೆನಪಿರುವುದು ಕಾರಿನ ಹಿಂದಿನ ಸೀಟು ಮತ್ತು ಚಿಕ್ಕವನ ವಾಂತಿ. ಜೋಗಕ್ಕೆ ಬೇರೆಯದೇ ಒಂದು ದಿನ ಕೊಡಿ. ಅದನ್ನು ಆಗುಂಬೆ ಜೊತೆ ಗಂಟು ಹಾಕಬೇಡಿ.

ಈಗ ನಮ್ಮ ಲೆಕ್ಕ ಸುಲಭ. ತೀರ್ಥಹಳ್ಳಿ ಸುತ್ತಮುತ್ತ ಒಂದೇ ಕಡೆ ಎರಡು ರಾತ್ರಿ. ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ, ಮಧ್ಯಾಹ್ನ ಊಟ, ನಿದ್ದೆ. ಇದು ಸೋಮಾರಿತನ ಅಲ್ಲ, ಮಳೆಯ ಲೆಕ್ಕ. ಅಕ್ಟೋಬರ್‌ನಲ್ಲಿ ಮುಂಗಾರು ಹೋಗಿರುತ್ತದೆ, ಆದರೆ ಚಿತ್ತೆ, ಸ್ವಾತಿ ಮಳೆ ಬಾಕಿ ಇರುತ್ತವಲ್ಲ! ಬೆಳಿಗ್ಗೆ ಬಿಸಿಲು ಚೆನ್ನಾಗಿರುತ್ತದೆ. ಮಧ್ಯಾಹ್ನ ಮೂರಕ್ಕೆ ಗುಡುಗು ಶುರು. ಹಾಗಾಗಿ ಗುಡ್ಡ ಹತ್ತುವುದು, ಕೋಟೆ ನೋಡುವುದು ಎಲ್ಲ ಹನ್ನೊಂದರೊಳಗೆ ಮುಗಿಯಬೇಕು.

ಸೂರ್ಯಾಸ್ತಕ್ಕೆ ಮಾತ್ರ ಅದೃಷ್ಟ ಬೇಕು. ಅದಕ್ಕೇ ಎರಡು ಸಂಜೆ ಅಂದದ್ದು. ಶಿವಮೊಗ್ಗದಿಂದ ತೀರ್ಥಹಳ್ಳಿ ಸುಮಾರು 60 ಕಿಲೋಮೀಟರ್, ಅಲ್ಲಿಂದ ಆಗುಂಬೆ ಇನ್ನೊಂದು 30. ಶುಕ್ರವಾರ ಊಟ ಮುಗಿಸಿ ಒಂದೂವರೆಗೆ ಹೊರಟರೆ ತೀರ್ಥಹಳ್ಳಿಯಲ್ಲಿ ಟೀ ಕುಡಿದೂ ಐದರೊಳಗೆ ವ್ಯೂಪಾಯಿಂಟ್‌ನಲ್ಲಿ ಇರಬಹುದು. ಬೆಂಗಳೂರಿನವರು ರಾತ್ರಿ ರೈಲಿನಲ್ಲಿ ಶಿವಮೊಗ್ಗಕ್ಕೆ ಬಂದು ಇಲ್ಲಿಂದ ಗಾಡಿ ಮಾಡಿಕೊಳ್ಳಿ. ಮಕ್ಕಳ ಜೊತೆ ರಾತ್ರಿಯೆಲ್ಲ ಕಾರು ಓಡಿಸಬೇಡಿ. ಈ ತಿಂಗಳಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ಆಸುಪಾಸು. ವ್ಯೂಪಾಯಿಂಟ್ ಇರುವುದು ಘಾಟಿಯ ತಿರುವಿನಲ್ಲೇ, ಗಾಡಿ ನಿಲ್ಲಿಸಲು ಜಾಗ ಕಡಿಮೆ, ಮಂಗಗಳು ಜಾಸ್ತಿ. ಚಿಪ್ಸ್ ಪ್ಯಾಕೆಟ್ ಕಾರಲ್ಲೇ ಇರಲಿ. ಮಕ್ಕಳಿಗೆ ವಾಂತಿ ಅಭ್ಯಾಸವಿದ್ದರೆ ಅಲ್ಲಿಂದಲೇ ವಾಪಸ್ ತಿರುಗಿ. ಕೆಳಗೆ ಸೋಮೇಶ್ವರದವರೆಗೆ ಇರುವ 14 ಹೇರ್‌ಪಿನ್ ತಿರುವು ನಿಮಗೆ ಬೇಕಿಲ್ಲ. ನಿಂಬೆಹಣ್ಣು ಹೇಗೂ ಜೊತೆಗಿರಲಿ.

ಹೋದ ಸಲ ಶುಕ್ರವಾರ ನಮಗೆ ಕಂಡದ್ದು ಬರೀ ಬಿಳಿ ಮಂಜು. ಪಕ್ಕದಲ್ಲಿ ನಿಂತವರ ಮುಖವೂ ಕಾಣಲಿಲ್ಲ. ಶನಿವಾರ ಮೂರಕ್ಕೆ ಮಳೆ ಹೊಡೆದು, ಐದಕ್ಕೆ ಆಕಾಶ ತೊಳೆದಿಟ್ಟ ಹಾಗಾಯಿತು. ಕೆಳಗೆ ಕಪ್ಪು ಕಾಡು, ಆಚೆ ದೂರದಲ್ಲಿ ತಗಡಿನ ಅಂಚಿನ ಹಾಗೆ ಹೊಳೆಯುವ ಒಂದು ಗೆರೆ. ಅದೇ ಸಮುದ್ರ. "ಇಷ್ಟೇನಾ?" ಅಂದರು ಅತ್ತೆ. ಆದರೆ ಕತ್ತಲಾಗುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಹೌದು, ಮಡಚುವ ಪ್ಲಾಸ್ಟಿಕ್ ಕುರ್ಚಿ ಒಂದು ಡಿಕ್ಕಿಯಲ್ಲಿರಲಿ. ಮಂಡಿನೋವಿನವರಿಗೆ ಅದೇ ದೊಡ್ಡ ಉಪಕಾರ.

ಶನಿವಾರ ಬೆಳಿಗ್ಗೆಗೆ ಎರಡು ಆಯ್ಕೆ. ಹಿರಿಯರಿದ್ದರೆ ಕುಂದಾದ್ರಿ. ಗುಡ್ಡೇಕೇರಿ ಹತ್ತಿರ ತಿರುಗಿದರೆ ಗುಡ್ಡದ ಮೇಲಿನವರೆಗೂ ರಸ್ತೆಯಿದೆ. ಕಡಿದಾದ, ಕಿರಿದಾದ ರಸ್ತೆ. ಫಸ್ಟ್ ಗೇರ್‌ನಲ್ಲೇ ಹೋಗಿ, ಎದುರು ಗಾಡಿ ಬಂದರೆ ಜಂಬ ಬಿಟ್ಟು ಹಿಂದೆ ಸರಿಯಿರಿ. ಅಲ್ಲಿಂದ ಕಲ್ಲಿನ ಮೆಟ್ಟಿಲು, ಮೇಲೆ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯ ಕೊಳ. ಎಲ್ಲರ ಕಾಲೂ ಗಟ್ಟಿಯಿದ್ದರೆ ಕವಲೇದುರ್ಗ. ಅದು ಕೆಳದಿ ಅರಸರ ಕೋಟೆ. ಗದ್ದೆ ಅಂಚಿನಲ್ಲಿ ನಡೆದು, ಕಲ್ಲು ಹಾಸಿನ ದಾರಿ ಹತ್ತಬೇಕು. ಕಲ್ಲು ಇನ್ನೂ ಪಾಚಿಗಟ್ಟಿರುತ್ತದೆ, ಹೊಸ ಶೂ ಹಾಕಿ ಜಾರಬೇಡಿ. ಉಂಬಳ, ಅಂದರೆ ಕಾಡಿನ ಜಿಗಣೆ, ಇದ್ದೇ ಇರುತ್ತವೆ. ಹತ್ತಿದರೆ ಕಿತ್ತೆಳೆಯಬೇಡಿ, ಚಿಟಿಕೆ ಉಪ್ಪು ಹಾಕಿ, ತಾನೇ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಎರಡೂ ಬೇಡ ಅನ್ನಿಸಿದರೆ ಕುಪ್ಪಳಿ. ಕುವೆಂಪು ಮನೆಯ ತೊಟ್ಟಿ ಅಂಗಳದಲ್ಲಿ ಸುಮ್ನೆ ಅರ್ಧ ಗಂಟೆ ಕೂತರೂ ಸಾಕು.

ಉಳಿಯುವುದಕ್ಕೆ ಲಾಡ್ಜ್‌ಗಿಂತ ಅಡಿಕೆ ತೋಟದ ಮನೆ ಹುಡುಕಿ. ಬುಕ್ ಮಾಡುವಾಗ ನೆಟ್‌ವರ್ಕ್ ಇದೆಯಾ, ಬಚ್ಚಲು ಒಳಗಿದೆಯಾ, ಮೆಟ್ಟಿಲೆಷ್ಟು, ಈ ಮೂರನ್ನು ಫೋನಲ್ಲೇ ಕೇಳಿ. ನಗದು ಜೊತೆಗಿರಲಿ, ಫೋನ್ ಪೇ ನಂಬಿ ಹೋಗಿ ನಾವೊಮ್ಮೆ ಅರ್ಧ ಕೆಜಿ ಬಾಳೆಹಣ್ಣಿಗೂ ಸಾಲ ಹೇಳಿದ್ದೇವೆ. ಭೂಮಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬ ಆ ದಿನಗಳಲ್ಲೇ ಬಿದ್ದರೆ ಮೊದಲೇ ವಿಚಾರಿಸಿ. ಅವತ್ತು ನಸುಕಿನಲ್ಲೇ ಮನೆಯವರೆಲ್ಲ ಚರಗ, ಅಂದರೆ ಭೂಮಿಗೆ ಬೀರುವ ನೈವೇದ್ಯ, ಹಿಡಿದು ಗದ್ದೆಗೆ ಹೊರಡುತ್ತಾರೆ. ನಿಮ್ಮ ಕಾಫಿ ತಡವಾಗಬಹುದು. ಕಡುಬು ಮಾತ್ರ ಸಿಕ್ಕೇ ಸಿಗುತ್ತದೆ.

ಅಡಿಕೆ ಕೊಯ್ಲು ಶುರುವಾಗಿದ್ದರೆ ರಾತ್ರಿ ಟಿವಿ ಹುಡುಕಬೇಡಿ, ಅಂಗಳಕ್ಕೆ ಹೋಗಿ. ನಾವಿದ್ದ ಮನೆಯಲ್ಲಿ ಬಲ್ಬಿನ ಕೆಳಗೆ ಆರೇಳು ಹೆಂಗಸರು ಮೆಟ್ಟುಗತ್ತಿ (ಮಣೆಗೆ ಕೂರಿಸಿದ ಕತ್ತಿ) ಮೇಲೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಕಾಯಿ ಕತ್ತಿಗೆ ಒತ್ತಿ ಒಂದು ತಿರುವು, ಸಿಪ್ಪೆ ಆ ಕಡೆ, ಅಡಿಕೆ ಈ ಕಡೆ. ನನ್ನ ಮಗಳು ಮೊಬೈಲಿನಲ್ಲಿ ಟೈಮ್ ಇಟ್ಟು ಲೆಕ್ಕ ಹಾಕಲು ಹೋಗಿ ಸೋತಳು. ಅತ್ತೆ ಸ್ವಲ್ಪ ಹೊತ್ತು ನೋಡಿದರು. "ಸರಿ, ಆಚೆ ಸರಿಯಮ್ಮ" ಅಂತ ಒಬ್ಬಳನ್ನು ಎಬ್ಬಿಸಿ ತಾವೇ ಕೂತರು. ಮದುವೆಯಾಗಿ ಪೇಟೆಗೆ ಬಂದ ಮೇಲೆ ಮೆಟ್ಟುಗತ್ತಿ ಮುಟ್ಟಿರಲಿಲ್ಲವಂತೆ. ಮೊದಲ ನಾಲ್ಕೈದು ಕಾಯಿ ಚೂರಾದವು, ಆಮೇಲೆ ಕೈ ಹಿಡಿತಕ್ಕೆ ಬಂತು. ಹತ್ತೂವರೆಗೆ ನಾನು ಮಲಗಲು ಹೋದಾಗ ಅವರು ಇನ್ನೂ ಅಲ್ಲೇ, ಯಾರದೋ ಮನೆಯ ಸೊಸೆ ಬಗ್ಗೆ ಮಾತಾಡುತ್ತಾ. ಬೆಳಿಗ್ಗೆ ಬೆರಳೆಲ್ಲ ಚೊಗರಿನ ಕಂದು ಬಣ್ಣ. ಘಾಟಿಗೆಂದು ಇಟ್ಟ ನಿಂಬೆಹಣ್ಣು ಅಲ್ಲಿ ಖರ್ಚಾಯಿತು.

ಭಾನುವಾರ ವಾಪಸ್ ಬರುವಾಗ ಸಕ್ರೆಬೈಲು ಆನೆ ಬಿಡಾರ ದಾರಿಯಲ್ಲೇ ಸಿಗುತ್ತದೆ, ಶಿವಮೊಗ್ಗಕ್ಕೆ ಹದಿನಾಲ್ಕು ಕಿಲೋಮೀಟರ್ ಮೊದಲು. ತುಂಗೆಯಲ್ಲಿ ಆನೆಗಳ ಸ್ನಾನ ನೋಡಬೇಕಾದರೆ ಬೆಳಿಗ್ಗೆಯೇ ಅಲ್ಲಿರಬೇಕು, ಮಧ್ಯಾಹ್ನ ಹೋದರೆ ಗೇಟು ನೋಡಿ ಬರಬೇಕಾದೀತು. ಅಂದರೆ ತೀರ್ಥಹಳ್ಳಿ ಏಳಕ್ಕೆ ಬಿಡಿ, ತಿಂಡಿ ಕಟ್ಟಿಸಿಕೊಳ್ಳಿ. ಮಕ್ಕಳಿಗೆ ಇನ್ನೊಂದು ಜೊತೆ ಬಟ್ಟೆ ಕೈಗೆ ಸಿಗುವ ಹಾಗಿಡಿ, ಆನೆ ಸೊಂಡಿಲಿನ ನೀರು ಯಾರ ಮೇಲೆ ಬೀಳುತ್ತದೆಂದು ಹೇಳಲಾಗದು.